ರೆಕ್ಕೆ ತುದಿಗೆ ಕಣ್ಣಳತೆ ಸಾಲದು

ಪ್ರಶ್ನೆ: ವಿಮಾನ ಇಳಿದು ಗೇಟಿನ ಹತ್ತಿರ ಬರುವಾಗ ಹೆಚ್ಚುಕಡಿಮೆ ನಡಿಗೆಯ ವೇಗದಲ್ಲಿರುತ್ತದೆ. ಹೀಗಿದ್ದೂ ಒಂದರ ರೆಕ್ಕೆ ಇನ್ನೊಂದರ ಬಾಲಕ್ಕೆ ತಾಗಿದ ಸುದ್ದಿ ಆಗಾಗ ಬರುತ್ತದೆ. ಪೈಲಟ್‌ಗೆ ತನ್ನದೇ ರೆಕ್ಕೆ ಕಾಣುವುದಿಲ್ಲವೇ? ಕಂಟ್ರೋಲರ್ ದಾರಿ ಕೊಟ್ಟ ಮೇಲೂ ಹೀಗೇಕೆ ಆಗುತ್ತದೆ? ಕೆಲವೊಮ್ಮೆ ಗೇಟ್ ಕಣ್ಣೆದುರೇ ಖಾಲಿ ಇದ್ದರೂ ವಿಮಾನ ಮುಂದೆ ಹೋಗದೆ ನಿಂತು ಕಾಯುವುದು ಯಾಕೆ?

ಉತ್ತರ: ಮೂರು ಪ್ರಶ್ನೆಗಳಿಗೂ ಬೇರು ಒಂದೇ. ಗೇಟಿನ ಸುತ್ತಮುತ್ತ ರೆಕ್ಕೆ ತುದಿಗೂ ಪಕ್ಕದ ವಸ್ತುವಿಗೂ ಎಷ್ಟು ಅಂತರವಿದೆ ಎಂಬುದನ್ನು ಕಾಕ್‌ಪಿಟ್‌ನಲ್ಲಿ ಕೂತವರು ಅಳೆಯುತ್ತಿರುವುದಿಲ್ಲ. ಅಳೆಯಲು ಅವರಿಂದ ಆಗುವುದೂ ಇಲ್ಲ. ಆ ಅಂತರವನ್ನು ಕಾಯುವುದು ನೆಲಕ್ಕೆ ಬಳಿದ ಹಳದಿ ಗೆರೆ. ಮೂಗಿನ ಚಕ್ರ ಆ ಗೆರೆಯ ಮೇಲೆ ಉರುಳುತ್ತಿದ್ದರೆ ಎರಡೂ ರೆಕ್ಕೆಗಳಿಗೆ ಜಾಗ ಇರುವಂತೆ ಏಪ್ರನ್, ಅಂದರೆ ವಿಮಾನ ನಿಲ್ಲಿಸುವ ಅಂಗಳದ ವಿನ್ಯಾಸ ಮಾಡಿದವರು ಮೊದಲೇ ಲೆಕ್ಕ ಹಾಕಿಟ್ಟಿರುತ್ತಾರೆ. ಲೆಕ್ಕಕ್ಕೆ ಷರತ್ತುಗಳಿವೆ: ಗೆರೆ ಯಾವ ಗಾತ್ರದ ವಿಮಾನಕ್ಕೆ ಬಳಿದದ್ದೋ ಅದೇ ಗಾತ್ರದ ವಿಮಾನ ಬರಬೇಕು, ಅದು ಗೆರೆ ಬಿಡಬಾರದು, ಅಕ್ಕಪಕ್ಕದ ವಿಮಾನಗಳೂ ಗಾಡಿಗಳೂ ತಮ್ಮ ತಮ್ಮ ಗೆರೆಯೊಳಗೇ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ಹಳದಿ ಗೆರೆ ಬರೀ ಬಣ್ಣ.

ಮೊದಲು ನೋಟದ ವಿಷಯ. ಜೆಟ್ ವಿಮಾನದ ರೆಕ್ಕೆ ಹಿಂದಕ್ಕೆ ಓರೆಯಾಗಿ ಚಾಚಿರುತ್ತದೆ. ಎ320ಯಂಥ ಮಧ್ಯಮ ಗಾತ್ರದ ವಿಮಾನದಲ್ಲೇ ರೆಕ್ಕೆಯ ತುದಿ ಪೈಲಟ್‌ನ ಭುಜದಿಂದ ಇಪ್ಪತ್ತು ಮೀಟರಿಗೂ ಹೆಚ್ಚು ದೂರದಲ್ಲಿ, ಬೆನ್ನ ಹಿಂದಿನ ಓರೆಯಲ್ಲಿ ಇರುತ್ತದೆ. ಕತ್ತು ತಿರುಗಿಸಿ ಗಾಜಿಗೆ ಕೆನ್ನೆ ಹಚ್ಚಿದರೆ ತನ್ನ ಬದಿಯ ತುದಿ ಕಂಡೀತು; ಆಚೆ ಬದಿಯದ್ದಕ್ಕೆ ಪಕ್ಕದ ಸೀಟಿನವರನ್ನೇ ಕೇಳಬೇಕು. ದೊಡ್ಡವುಗಳಲ್ಲಿ ಅಷ್ಟೂ ಇಲ್ಲ. ಬೋಯಿಂಗ್ 747, 757, 767, 777, ಏರ್‌ಬಸ್ ಎ380, ಎಂಡಿ-11 ಮುಂತಾದವುಗಳಲ್ಲಿ ಕಿಟಕಿ ತೆರೆದು ತಲೆ ಹೊರಗೆ ಹಾಕದಿದ್ದರೆ ರೆಕ್ಕೆ ತುದಿ ಕಾಣದು ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ಹೇಳಿತು. ಇಂಥ ವಿಮಾನಗಳಿಗೆ ರೆಕ್ಕೆ ತುದಿಯ ದಾರಿ ತೋರಿಸುವ ಕ್ಯಾಮೆರಾದಂಥ ಸಾಧನ ಬೇಕೆಂದು ಆಗಲೇ ಶಿಫಾರಸು ಮಾಡಿತು. 777-300ಇಆರ್, ಎ380ಗಳಲ್ಲಿ ನೆಲದ ಮೇಲಿನ ಓಡಾಟಕ್ಕೆ ಕ್ಯಾಮೆರಾ ಇದೆಯಲ್ಲ ಎಂದು ಕೇಳಬಹುದು. ಅದು ಮುಖ್ಯವಾಗಿ ಚಕ್ರಗಳು ಗಟ್ಟಿನೆಲ ಬಿಟ್ಟು ಹುಲ್ಲಿಗೆ ಇಳಿಯದಂತೆ ನೋಡಿಕೊಳ್ಳಲು ಇರುವುದು.

ತುದಿ ಕಂಡರೂ ಕಣ್ಣಳತೆಯನ್ನು ನಂಬುವಂತಿಲ್ಲ. ದೂರದ ಎರಡು ವಸ್ತುಗಳನ್ನು ಓರೆಯಿಂದ ನೋಡಿದಾಗ ಒಂದರ ಹಿಂದೆ ಇನ್ನೊಂದಿದೆಯೋ, ಪಕ್ಕದಲ್ಲಿದೆಯೋ ಹೇಳುವುದು ಕಷ್ಟ. ಮಳೆ ಬಿದ್ದ ರಾತ್ರಿ ಇದು ಇನ್ನೂ ಕೆಡುತ್ತದೆ: ಹೊಳೆಯುವ ನೆಲದಲ್ಲಿ ಫ್ಲಡ್‌ಲೈಟ್‌ಗಳ ಪ್ರತಿಬಿಂಬವೇ ಹಳದಿ ಗೆರೆಯನ್ನು ನುಂಗಿಬಿಡುತ್ತದೆ.

ಇನ್ನು ಅಂಕಿಗಳು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ವಿಮಾನಗಳನ್ನು ರೆಕ್ಕೆಯ ಹರವಿನ ಮೇಲೆ ಎ ಯಿಂದ ಎಫ್ ವರೆಗೆ ವಿಂಗಡಿಸಿದೆ. 24ರಿಂದ 36 ಮೀಟರ್ ಒಳಗಿನದು ಸಿ. ಎ320, 737 ಇಲ್ಲಿ ಬರುತ್ತವೆ. 52ರಿಂದ 65ರ ಒಳಗಿನದು ಇ, 777-300ಇಆರ್ ಇಲ್ಲಿ. 65ರಿಂದ 80ರ ಒಳಗಿನದು ಎಫ್; 79.75 ಮೀಟರ್ ಹರವಿನ ಎ380 ಅದರ ಅಂಚಿನಲ್ಲೇ ಕೂತಿದೆ. ಸ್ಟ್ಯಾಂಡಿನಲ್ಲಿ, ಅಂದರೆ ಗುರುತು ಮಾಡಿದ ನಿಲುಗಡೆ ಜಾಗದಲ್ಲಿ, ನಿಂತ ವಿಮಾನಕ್ಕೂ ಪಕ್ಕದ ವಿಮಾನ ಅಥವಾ ಕಟ್ಟಡಕ್ಕೂ ನಡುವೆ ಸಿ ವರ್ಗಕ್ಕೆ ಕನಿಷ್ಠ 4.5 ಮೀಟರ್, ಡಿ, ಇ, ಎಫ್‌ಗಳಿಗೆ 7.5 ಮೀಟರ್ ಇರಬೇಕು. ಗೇಟುಗಳ ಮುಂದೆ ಹಾದುಹೋಗುವ ಸ್ಟ್ಯಾಂಡ್ ಟ್ಯಾಕ್ಸಿಲೇನ್‌ನಲ್ಲಿ ಸಿ ವರ್ಗಕ್ಕೆ ಮಧ್ಯದ ಗೆರೆಯಿಂದ ಅಡ್ಡಿಯವರೆಗೆ 22.5 ಮೀಟರ್. ಸಿ ವರ್ಗದ ಅತಿ ಅಗಲ ವಿಮಾನದ ಅರ್ಧ ಹರವು 18 ಮೀಟರ್ ಎಂದು ಹಿಡಿದರೆ ಉಳಿಯುವುದು ಅದೇ 4.5 ಮೀಟರ್. ಎಫ್ ವರ್ಗಕ್ಕೆ 47.5 ಮೀಟರ್, ಅದರಲ್ಲಿ 40 ಕಳೆದರೆ 7.5.

ಈ ನಾಲ್ಕೂವರೆ ಮೀಟರ್ ಯಾರ ಕೈಯಲ್ಲಿ ಕರಗುತ್ತದೆ ನೋಡಿ. ಗೇಟಿಗೆ ತಿರುಗಿದ ಇನ್ನೊಂದು ವಿಮಾನ ತನ್ನ ನಿಲ್ಲುವ ಗುರುತಿಗೆ ಐದು ಮೀಟರ್ ಮೊದಲೇ ನಿಂತಿದೆ ಎನ್ನಿ. ಅದರ ಬಾಲ ಐದು ಮೀಟರ್ ಹೊರಗೆ, ಟ್ಯಾಕ್ಸಿಲೇನ್ ಕಡೆಗೆ ಚಾಚಿದೆ. ಹಿಂದಿನಿಂದ ಹಾದುಹೋಗುವ ವಿಮಾನದ ಪೈಲಟ್ ಗೆರೆಯ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಹೋಗುತ್ತಿದ್ದರೂ ಅಂತರ ಅಷ್ಟೂ ಮುಗಿದಿದೆ. ಅವನ ಕಡೆಯಿಂದ ತಪ್ಪೇ ಆಗಿಲ್ಲ, ಆದರೂ ರೆಕ್ಕೆ ತಾಗುತ್ತದೆ. ಗೇಟಿನ ಬಳಿಯ ಢಿಕ್ಕಿಗಳಲ್ಲಿ ನನಗೆ ಅತ್ಯಂತ ಅಪಾಯಕಾರಿ ಎನಿಸುವುದು ಈ ಬಗೆಯದೇ.

2011ರ ಏಪ್ರಿಲ್ 11ರ ರಾತ್ರಿ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣದಲ್ಲಿ ಆದದ್ದು ಹೆಚ್ಚುಕಡಿಮೆ ಹೀಗೆ. ಇಳಿದು ಬಂದ ಸಿಆರ್‌ಜೆ-700 ವಿಮಾನವೊಂದು ಗೇಟಿನ ಕಡೆ ತಿರುಗಿ ಜಾಗಕ್ಕಾಗಿ ಕಾಯುತ್ತಿತ್ತು. ಬಾಲ ಪೂರ್ತಿ ಒಳಗೆ ಬಂದಿರಲಿಲ್ಲ. ಹಿಂದಿನ ಟ್ಯಾಕ್ಸಿವೇಯಲ್ಲಿ (ರನ್‌ವೇಗೂ ಗೇಟಿಗೂ ನಡುವಿನ ದಾರಿ) ಹೊರಡಲು ಹೋಗುತ್ತಿದ್ದ ಎ380ಯ ಎಡ ರೆಕ್ಕೆಯ ತುದಿ ಆ ಬಾಲಕ್ಕೆ ತಗುಲಿತು. ಚಿಕ್ಕ ವಿಮಾನ ನಿಂತಲ್ಲೇ ಗಿರ್ರನೆ ಸುಮಾರು ಕಾಲುಸುತ್ತು ತಿರುಗಿತು. ಯಾರಿಗೂ ಗಾಯವಾಗಲಿಲ್ಲ. 2024ರ ಸೆಪ್ಟೆಂಬರ್ 10ರಂದು ಅಟ್ಲಾಂಟಾದಲ್ಲಿ ಎ350ಯ ರೆಕ್ಕೆ ಸಿಆರ್‌ಜೆ-900ರ ಬಾಲವನ್ನೇ ಕೆಡವಿತು. ಅದು ಗೇಟಿನ ಬಳಿ ಅಲ್ಲ, ಟ್ಯಾಕ್ಸಿವೇಗಳು ಕೂಡುವಲ್ಲಿ. ರೇಖಾಗಣಿತ ಮಾತ್ರ ಅದೇ: ಒಂದರ ಅಗಲ, ಇನ್ನೊಂದರ ಹೊರಚಾಚಿದ ಹಿಂಭಾಗ.

ಇಲ್ಲಿ ಕಂಟ್ರೋಲರ್‌ನ ಪಾತ್ರ ಏನು ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ಗ್ರೌಂಡ್ ಕಂಟ್ರೋಲರ್ ಕೊಡುವುದು ದಾರಿ: ಯಾವ ಟ್ಯಾಕ್ಸಿವೇ, ಎಲ್ಲಿ ನಿಲ್ಲಬೇಕು, ಯಾರ ಹಿಂದೆ ಹೋಗಬೇಕು. ಕಿಲೋಮೀಟರ್ ದೂರದ ಗೋಪುರದಿಂದ ಎರಡು ವಿಮಾನಗಳ ನಡುವಿನ ಮೂರು ಮೀಟರ್ ಯಾರಿಗೂ ಕಾಣದು. ಅನೇಕ ಕಡೆ ಗೇಟಿನ ಮುಂದಿನ ಜಾಗ ಗೋಪುರದ ವ್ಯಾಪ್ತಿಯಲ್ಲೇ ಇರುವುದಿಲ್ಲ. ಅದನ್ನು ನಿಲ್ದಾಣದವರೋ ವಿಮಾನ ಸಂಸ್ಥೆಯವರೋ ಬೇರೆ ಆವರ್ತನದಲ್ಲಿ ನೋಡಿಕೊಳ್ಳುತ್ತಾರೆ. ಆದ್ದರಿಂದ ಟ್ಯಾಕ್ಸಿ ಕ್ಲಿಯರೆನ್ಸ್ (ನೆಲದ ಮೇಲೆ ಸಾಗಲು ಕೊಡುವ ಅನುಮತಿ) ಎಂದರೆ ರೆಕ್ಕೆಗೆ ಜಾಗ ಇದೆ ಎಂಬ ಖಾತರಿಯಲ್ಲ. ತಾಗದಂತೆ ನೋಡಿಕೊಳ್ಳುವ ಹೊಣೆ ಕೊನೆಗೆ ಕ್ಯಾಪ್ಟನ್‌ದು. ಕಾಣದ್ದಕ್ಕೆ ಹೊಣೆ ಹೊರುವುದು ಅನ್ಯಾಯ ಅನಿಸಬಹುದು. ಅದಕ್ಕೇ ಅವರ ಕೈಯಲ್ಲಿ ಇರುವ ಒಂದೇ ಹತಾರ, ನಿಲ್ಲುವುದು. ಸಂಶಯ ಬಂದರೆ ಬ್ರೇಕ್ ಹಿಡಿದು ನಿಲ್ಲು, ರೇಡಿಯೋದಲ್ಲಿ ಹೇಳು, ರೆಕ್ಕೆ ತುದಿಯ ಪಕ್ಕ ನಡೆಯುತ್ತ ಅಂತರ ನೋಡುವ ವಿಂಗ್ ವಾಕರ್‌ನನ್ನು ಕರೆಸು ಅಥವಾ ವಿಮಾನ ಎಳೆಯುವ ಗಾಡಿ ಟಗ್ ತರಿಸು. ಹತ್ತು ನಿಮಿಷ ತಡವಾಗುತ್ತದೆ, ಅಷ್ಟೇ.

ತಿರುವಿನಲ್ಲಿ ಇನ್ನೊಂದು ತೊಡಕಿದೆ. ವಿಮಾನ ಎಡಕ್ಕೆ ತಿರುಗಲು ಶುರುಮಾಡಿದಾಗ ಅದರ ಇಡೀ ದೇಹ ಮುಖ್ಯ ಚಕ್ರಗಳ ಅಚ್ಚಿನ ಸಾಲಿನಲ್ಲಿರುವ ಒಂದು ಬಿಂದುವಿನ ಸುತ್ತ ಸುತ್ತುತ್ತದೆ. ಆ ಸಾಲಿಗಿಂತ ಮುಂದಿರುವ ಭಾಗಗಳು ತಿರುವಿನ ಒಳಕ್ಕೆ, ಹಿಂದಿರುವ ಭಾಗಗಳು ಹೊರಕ್ಕೆ ಸರಿಯುತ್ತವೆ. ಉದ್ದನೆಯ ಬಸ್ಸು ತಿರುಗುವಾಗ ಅದರ ಹಿಂಬದಿ ಪಕ್ಕದ ಸಾಲಿಗೆ ಬೀಸುತ್ತದಲ್ಲ, ಹಾಗೆ. ಓರೆ ರೆಕ್ಕೆಯ ತುದಿ ಮುಖ್ಯ ಚಕ್ರಗಳಿಗಿಂತ ಹಿಂದೆ ಇದ್ದರೆ, ನೇರ ಹೋಗುವಾಗ ಅದು ಹಿಡಿದಿದ್ದ ಜಾಡಿಗಿಂತ ಹೊರಗಿನ ಜಾಡನ್ನು ಹಿಡಿಯುತ್ತದೆ. ನೇರ ಹೋದರೆ ತಪ್ಪಿಸಿಕೊಳ್ಳುತ್ತಿದ್ದ ಕಂಬಕ್ಕೆ ತಿರುಗಿದ ತಕ್ಷಣ ತಾಗಲು ಇಷ್ಟು ಸಾಕು. ಮೂಗು ಎಡಕ್ಕೆ ಹೋಗುತ್ತಿರುವಾಗ ಪೈಲಟ್‌ನ ಗಮನವೂ ಸಹಜವಾಗಿ ಎಡಕ್ಕೇ ಇರುತ್ತದೆ. ಪೆಟ್ಟು ಬೀಳುವುದು ಬಲಕ್ಕೆ.

ಒಳಬದಿಯಲ್ಲಿ ಇದಕ್ಕೆ ತದ್ವಿರುದ್ಧ. ಹಿಂದಿನ ಚಕ್ರಗಳು ಮೂಗಿನ ಚಕ್ರದ ಜಾಡು ಹಿಡಿಯದೆ ಮೂಲೆ ಕತ್ತರಿಸಿಕೊಂಡು ಒಳಕ್ಕೆ ಬರುತ್ತವೆ. ಮೂಗಿನ ಚಕ್ರದಿಂದ ಮುಖ್ಯ ಚಕ್ರಗಳಿಗೆ ಎ320ಯಲ್ಲಿ 12.6 ಮೀಟರ್, 777-300ಇಆರ್‌ನಲ್ಲಿ 31 ಮೀಟರ್ ದೂರ. ಅದಕ್ಕೇ ಉದ್ದ ವಿಮಾನಗಳಲ್ಲಿ ಪೈಲಟ್ ತಿರುವನ್ನು ದಾಟಿದಂತೆ ಮುಂದೆ ಹೋಗಿ ಆಮೇಲೆ ತಿರುಗಿಸುತ್ತಾನೆ. ಕಿಟಕಿಯಿಂದ ನೋಡಿದವರಿಗೆ ಗೇಟು ತಪ್ಪಿಹೋಯಿತೇನೋ ಅನಿಸುವ ಆ ಕ್ಷಣ ಬೇಕೆಂದೇ ಮಾಡಿದ್ದು.

ವೇಗ ಕಡಿಮೆ ಇದ್ದರೆ ಏನಾದೀತು ಎಂಬ ಭಾವನೆಯೂ ಸರಿಯಲ್ಲ. ನೇರ ಟ್ಯಾಕ್ಸಿವೇಯಲ್ಲಿ ಗರಿಷ್ಠ 30 ನಾಟ್, ತೊಂಬತ್ತು ಡಿಗ್ರಿ ತಿರುವಿನಲ್ಲಿ ಸುಮಾರು 10 ನಾಟ್, ಸ್ಟ್ಯಾಂಡಿನೊಳಗೆ ನಡಿಗೆಯ ವೇಗ, ಇದು ರೂಢಿ. 70 ಟನ್ ತೂಕದ ವಿಮಾನ 5 ನಾಟ್ ಅಂದರೆ ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅದರಲ್ಲಿರುವ ಚಲನಶಕ್ತಿ, ಒಂದೂವರೆ ಟನ್ನಿನ ಕಾರು ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹೋಗುವಾಗಿನಷ್ಟೇ. ರೆಕ್ಕೆಯ ತುದಿಯಲ್ಲಿ ಎಲ್ಲೋ ತಾಗಿದ್ದು ಕಾಕ್‌ಪಿಟ್‌ನಲ್ಲಿ ಸಣ್ಣ ಅಲುಗಾಟವಾಗಿ ಮಾತ್ರ ತಿಳಿಯಬಹುದು, ತಿಳಿಯದೆಯೂ ಹೋಗಬಹುದು.

ಈಗ ಕೊನೆಯ ಐವತ್ತು ಮೀಟರ್, ಅಂದರೆ ನಿಮ್ಮ ಮೂರನೆಯ ಪ್ರಶ್ನೆ. ಸ್ಟ್ಯಾಂಡಿಗೆ ತಿರುಗುವ ಮೊದಲು ಪೈಲಟ್ ಕೆಲವು ವಿಷಯ ನೋಡಿಕೊಳ್ಳುತ್ತಾನೆ. ಗೇಟಿನ ಸಂಖ್ಯೆ ಸರಿಯೇ? ನೆಲದ ಮೇಲೆ ಕೆಂಪು ಗೆರೆಯಿಂದ ಗುರುತಿಸಿದ, ಗಾಡಿಗಳು ಕಾಲಿಡಬಾರದ ಜಾಗ ಖಾಲಿ ಇದೆಯೇ? ಏರೋಬ್ರಿಡ್ಜ್ ತನ್ನ ಮೂಲಸ್ಥಾನಕ್ಕೆ ಮಡಚಿಕೊಂಡಿದೆಯೇ, ಅದರ ಚಕ್ರಗಳು ತಮಗೆ ಬರೆದ ಚೌಕದಲ್ಲಿವೆಯೇ? ದಾರಿ ತೋರಿಸುವವರು ಇದ್ದಾರೆಯೇ? ಸಾಮಾನು ಸಾಗಿಸುವ ಟ್ರಾಲಿಯೊಂದು ಗೆರೆಯಿಂದ ಒಂದು ಮೀಟರ್ ಒಳಗೆ ನಿಂತಿದ್ದರೂ ಒಳಗೆ ಹೋಗುವಂತಿಲ್ಲ. ನಿಮಗೆ ಖಾಲಿ ಕಾಣುವ ಗೇಟು ಬಹಳ ಸಲ ಹೀಗೆ ಖಾಲಿಯಲ್ಲದ ಗೇಟು.

ದಾರಿ ತೋರಿಸುವುದು ಗೋಡೆಯ ಮೇಲಿನ ಡಾಕಿಂಗ್ ಪರದೆ ಅಥವಾ ಮುಂದೆ ನಿಂತು ಕೋಲುಗಳಿಂದ ಸನ್ನೆ ಮಾಡುವ ಮಾರ್ಷಲರ್. ಪರದೆಯಲ್ಲಿ ವಿಮಾನದ ಮಾದರಿ, ಎಡಬಲಕ್ಕೆ ಸರಿಯುವ ಬಾಣ, ಉಳಿದ ದೂರ ಬರುತ್ತವೆ. ಎ320 ತಂದವನಿಗೆ ಪರದೆಯ ಮೇಲೆ 737 ಎಂದು ಕಂಡರೆ ನಿಲ್ಲಬೇಕು, ಎರಡೂ ಒಂದೇ ಗಾತ್ರದವಲ್ಲವೇ ಎಂದು ಮುಂದುವರಿಯಬಾರದು. ಮೂಗಿನ ಚಕ್ರದಿಂದ ಬಾಗಿಲಿಗೂ ಎಂಜಿನ್ನಿಗೂ ಬಾಲಕ್ಕೂ ಇರುವ ದೂರ ಮಾದರಿಯಿಂದ ಮಾದರಿಗೆ ಬೇರೆ. ನಿಲ್ಲುವ ಬಿಂದು ತಪ್ಪಿದರೆ ಬ್ರಿಡ್ಜ್ ಎಂಜಿನ್ನಿಗೆ ತಾಗಬಹುದು ಅಥವಾ ಬಾಲ ಹೊರಗುಳಿಯಬಹುದು. ಪರದೆ ನಡುವೆ ಆರಿಹೋದರೂ, ಕಾಯಿರಿ ಎಂದರೂ, ಮಾರ್ಷಲರ್ ಒಂದು ಹೇಳಿ ಪರದೆ ಇನ್ನೊಂದು ಹೇಳಿದರೂ ಉತ್ತರ ಅದೇ: ನಿಲ್ಲು.

ಮಾರ್ಷಲರ್‌ನ ಸನ್ನೆಗಳು ಜಗತ್ತಿನಾದ್ಯಂತ ಒಂದೇ. ಚಾಚಿದ ತೋಳುಗಳನ್ನು ನಿಧಾನವಾಗಿ ಮೇಲೆತ್ತಿ ಕೋಲುಗಳನ್ನು ತಲೆಯ ಮೇಲೆ ಅಡ್ಡಹಾಯಿಸಿದರೆ ನಿಲ್ಲು. ಅದನ್ನೇ ಥಟ್ಟನೆ ಮಾಡಿದರೆ ತುರ್ತಾಗಿ ನಿಲ್ಲು. ಬಿಚ್ಚಿದ ಅಂಗೈಯನ್ನು ಭುಜದ ಮೇಲಕ್ಕೆ ಎತ್ತಿ ಮುಷ್ಟಿ ಕಟ್ಟಿದರೆ ಪಾರ್ಕಿಂಗ್ ಬ್ರೇಕ್ ಹಾಕು. ತಲೆಯ ಮೇಲೆ ಎರಡೂ ಕೋಲುಗಳ ತುದಿಯನ್ನು ಒಳಮುಖವಾಗಿ ಚುಚ್ಚಿ ಮುಟ್ಟಿಸಿದರೆ ಚಕ್ರ ಉರುಳದಂತೆ ತಡೆಯುವ ಚಾಕ್ ಇಟ್ಟಾಯಿತು. ಮಾರ್ಷಲರ್‌ಗೂ ಎರಡೂ ರೆಕ್ಕೆ ತುದಿ ಒಟ್ಟಿಗೆ ಕಾಣುವುದಿಲ್ಲ, ಅದಕ್ಕೆ ಇಕ್ಕಟ್ಟಿನ ಜಾಗದಲ್ಲಿ ಎರಡೂ ಬದಿ ವಿಂಗ್ ವಾಕರ್‌ಗಳು ಬೇಕು. ಅವರಲ್ಲಿ ಒಬ್ಬ ಕಣ್ಣಿಗೆ ಕಾಣದಾದರೂ ಮಾರ್ಷಲರ್ ನಿಲ್ಲಿಸಬೇಕು. ಜನ ಸಾಲದೆ ಒಬ್ಬನೇ ಓಡಾಡಿ ಎರಡೂ ಬದಿ ನೋಡಿಕೊಳ್ಳುವುದು ಕೆಲವೆಡೆ ರೂಢಿಯಾಗಿದೆ. ಅದು ವಿಂಗ್ ವಾಕರ್ ಇಲ್ಲದ್ದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಪೈಲಟ್ ಎರಡೂ ಬದಿ ಯಾರೋ ನೋಡುತ್ತಿದ್ದಾರೆ ಎಂದು ನಂಬಿರುತ್ತಾನೆ.

ಹೀಗೆ ಅರ್ಧದಲ್ಲಿ ನಿಂತಾಗ ಎರಡು ಹೊಸ ಅಪಾಯ ಹುಟ್ಟುತ್ತವೆ. ಒಂದು, ಮೇಲೆ ಹೇಳಿದ ಹೊರಚಾಚಿದ ಬಾಲ. ನಿಂತ ಪೈಲಟ್ ತಾನು ಪೂರ್ತಿ ಒಳಗೆ ಹೋಗಿಲ್ಲ ಎಂದು ತಕ್ಷಣ ರೇಡಿಯೋದಲ್ಲಿ ಹೇಳಬೇಕು. ಹಿಂದೆ ಬರುವವನಿಗೆ ಅದು ಬೇರೆ ಹೇಗೂ ತಿಳಿಯದು. ಎರಡನೆಯದು, ಮತ್ತೆ ಹೊರಡುವಾಗಿನ ಎಂಜಿನ್ ಗಾಳಿ. ಉರುಳುತ್ತಿರುವ ವಿಮಾನಕ್ಕೆ ಐಡಲ್, ಅಂದರೆ ಎಂಜಿನ್ ಕನಿಷ್ಠ ವೇಗದಲ್ಲಿ ಓಡುವಾಗಿನ ತಳ್ಳುಬಲವೇ ಸಾಕು, ನಿಂತದ್ದನ್ನು ಕದಲಿಸಲು ಇನ್ನೂ ಕೊಡಬೇಕು. ಇಂಧನ ಉಳಿಸಲು ಒಂದೇ ಎಂಜಿನ್ನಿನಲ್ಲಿ ಬರುತ್ತಿದ್ದರೆ ಆ ಒಂದೇ ಎಂಜಿನ್ ಎರಡರ ಕೆಲಸ ಮಾಡಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟು. ಹಿಂದಿನ ಸ್ಟ್ಯಾಂಡಿನಲ್ಲಿ ಖಾಲಿ ಸಾಮಾನು ಕಂಟೇನರ್, ಏಣಿ, ಬಾಗಿಲು ತೆರೆದ ವ್ಯಾನು ಇದ್ದರೆ ಅವು ಹಾರುತ್ತವೆ, ಉರುಳುತ್ತವೆ. ಎ320ಯಲ್ಲಿ ನೆಲದ ಮೇಲೆ ಎನ್1 (ಎಂಜಿನ್ ಫ್ಯಾನ್ ತಿರುಗುವ ವೇಗ) ಶೇ. 40 ಮೀರಿಸಬಾರದು ಎಂಬ ಮಿತಿ ಇರುವುದು ಇದಕ್ಕೇ. ತಿರುವಿನ ನಡುವೆ ನಿಂತುಬಿಟ್ಟಿದ್ದರೆ, ಹಿಂದೆ ಜನ ಕೆಲಸ ಮಾಡುತ್ತಿದ್ದರೆ, ಶಕ್ತಿ ಹೆಚ್ಚಿಸುವ ಬದಲು ಎಂಜಿನ್ ಆರಿಸಿ ಟಗ್‌ನಿಂದ ಎಳೆಸುವುದೇ ಲೇಸು.

ಎಂಜಿನ್ನಿನ ಮುಂದಿನ ಅಪಾಯ ಹಿಂದಿನದ್ದಕ್ಕಿಂತ ಕ್ರೂರ. ಸಾಮಾನ್ಯ ಜೋಡಿ ಎಂಜಿನ್ ಜೆಟ್‌ನಲ್ಲಿ ಐಡಲ್‌ನಲ್ಲೇ ಎಂಜಿನ್ ಬಾಯಿಯ ಸುತ್ತ ಸುಮಾರು 3 ಮೀಟರ್, ಶಕ್ತಿ ಹೆಚ್ಚಿಸಿದರೆ 4 ಮೀಟರಿಗೂ ಹೆಚ್ಚು ಜಾಗ ಮನುಷ್ಯನನ್ನು ಎಳೆದುಕೊಳ್ಳಬಲ್ಲದು. ಸುತ್ತ ಗದ್ದಲವಿರುವಾಗ, ಕಿವಿಗೆ ರಕ್ಷಣೆ ಹಾಕಿಕೊಂಡವರಿಗೆ ಯಾವ ಎಂಜಿನ್ ಓಡುತ್ತಿದೆ ಎಂದು ಶಬ್ದದಿಂದ ತಿಳಿಯದು. ಅದಕ್ಕೇ ಹೊಟ್ಟೆಯ ಕೆಳಗೂ ಬೆನ್ನಿನ ಮೇಲೂ ಮಿನುಗುವ ಕೆಂಪು ಬೀಕನ್ ಇರುವುದು: ಅದು ಮಿನುಗುತ್ತಿರುವಷ್ಟು ಹೊತ್ತು ಹತ್ತಿರ ಹೋಗಬಾರದು. ಎಂಜಿನ್ ಆರಿದ ಮೇಲೂ ಅದರ ಫ್ಯಾನ್ ತಿರುಗುವುದು ನಿಧಾನವಾಗಲು 30ರಿಂದ 60 ಸೆಕೆಂಡ್ ಬೇಕು.

2022ರ ಡಿಸೆಂಬರ್ 31ರಂದು ಅಮೆರಿಕದ ಮಾಂಟ್‌ಗಮರಿಯಲ್ಲಿ ಗೇಟಿಗೆ ಬಂದು ನಿಂತ ಎಂಬ್ರೇಯರ್ 175 ವಿಮಾನದ ಎಂಜಿನ್ ನೆಲದ ಸಿಬ್ಬಂದಿಯೊಬ್ಬರನ್ನು ಎಳೆದುಕೊಂಡಿತು. ಆ ವಿಮಾನದ ಎಪಿಯು, ಅಂದರೆ ಬಾಲದಲ್ಲಿರುವ ಸಣ್ಣ ಸಹಾಯಕ ಎಂಜಿನ್, ಕೆಟ್ಟಿತ್ತು. ಹೊರಗಿನಿಂದ ವಿದ್ಯುತ್ ಸಿಗುವವರೆಗೆ ಮುಖ್ಯ ಎಂಜಿನ್ ಓಡಲೇಬೇಕಿತ್ತು, ಜೊತೆಗೆ ಆರಿಸುವ ಮೊದಲು ಎರಡು ನಿಮಿಷ ತಣಿಸಬೇಕಿತ್ತು. ಬೀಕನ್ ಮಿನುಗುತ್ತಿತ್ತು, ಎಂಜಿನ್ ಓಡುತ್ತಿರುತ್ತದೆ ಎಂದು ಸಿಬ್ಬಂದಿಗೆ ಮೊದಲೇ ಹೇಳಿದ್ದರು. ನಿತ್ಯದ ಕೆಲಸದಲ್ಲಿ ವಿಮಾನ ನಿಂತರೆ ಎಂಜಿನ್ ಆರುತ್ತದೆ. ನೂರಾರು ಸಲದ ಆ ಅಭ್ಯಾಸ ಒಂದು ಸಲದ ಎಚ್ಚರಿಕೆಯ ಮಾತಿಗಿಂತ ಬಲವಾದದ್ದು. ಎಪಿಯು ಕೆಟ್ಟ ವಿಮಾನ ಬರುವಾಗ ಕ್ರಮ ಹೀಗಿರಬೇಕು: ಹೆಡ್‌ಸೆಟ್‌ನಲ್ಲೋ ಸನ್ನೆಯಲ್ಲೋ ಪೈಲಟ್ ಒಪ್ಪಿಗೆ ಕೊಡುವವರೆಗೆ ಯಾರೂ ಕದಲಬಾರದು. ಆಮೇಲೆ ಒಬ್ಬನೇ, ಮೂಗಿನ ನೇರ ಮುಂದಿನಿಂದ ಬಂದು, ಮೂಗಿನ ಚಕ್ರಕ್ಕೆ ಚಾಕ್ ಇಟ್ಟು, ವಿದ್ಯುತ್ ಕೇಬಲ್ ಸಿಕ್ಕಿಸಿ ಬಂದ ದಾರಿಯಲ್ಲೇ ಹಿಂದಿರುಗಬೇಕು. ಸಾಮಾನು ಇಳಿಸುವವರು, ಕೋನ್ ಇಡುವವರು ಎಲ್ಲರೂ ಬೀಕನ್ ಆರುವವರೆಗೆ ಕೆಂಪು ಗೆರೆಯ ಆಚೆಗೇ.

ಹೊರಡುವಾಗಿನ ಪುಶ್‌ಬ್ಯಾಕ್‌ನಲ್ಲಿ, ಅಂದರೆ ವಿಮಾನವನ್ನು ಗೇಟಿನಿಂದ ಹಿಂದಕ್ಕೆ ತಳ್ಳುವಾಗ, ಕಷ್ಟ ತಿರುಗುಮುರುಗು. ಟಗ್ ಓಡಿಸುವವನ ಕಣ್ಣೆದುರು ವಿಮಾನದ ಮೂಗು. ಬಾಲ ಮೂವತ್ತು ನಲವತ್ತು ಮೀಟರ್ ಆಚೆ, ಕಾಣದ ಕಡೆ. ಇಲ್ಲೂ ವಿಂಗ್ ವಾಕರ್‌ಗಳೇ ಕಣ್ಣು. ಟಗ್‌ಗೂ ವಿಮಾನಕ್ಕೂ ನಡುವಿನ ಟೋ ಬಾರ್ ಸಿಕ್ಕಿಸುವ ಮೊದಲು ಮೂಗಿನ ಚಕ್ರದ ಸ್ಟೀರಿಂಗ್ ಕಡಿಯುವ ಬೈಪಾಸ್ ಪಿನ್ ಹಾಕಬೇಕು. ಅದನ್ನು ಮರೆತರೆ ಪೈಲಟ್ ಸ್ಟೀರಿಂಗ್ ಮುಟ್ಟಿದಾಗ ಬಾರ್ ಬಡಿಗೆಯಂತೆ ಬೀಸಿ ಪಕ್ಕದಲ್ಲಿದ್ದವನ ಕಾಲು ಮುರಿಯುತ್ತದೆ. ತೆಗೆಯಲು ಮರೆತರೆ ವಿಮಾನ ತಿರುಗುವುದೇ ಇಲ್ಲ. ಅದಕ್ಕೇ ಕೆಂಪು ಪಟ್ಟಿ ಕಟ್ಟಿದ ಆ ಪಿನ್ನನ್ನು ಕೈಯಲ್ಲಿ ಎತ್ತಿ ಪೈಲಟ್‌ಗೆ ತೋರಿಸಿ ಕಳಿಸುವುದು. ಟಗ್ ತಳ್ಳುತ್ತಿರುವಾಗ ಪೈಲಟ್ ಬ್ರೇಕ್ ಒತ್ತಬಾರದು, ಎಲ್ಲ ಭಾರ ಮೂಗಿನ ಗೇರಿನ ಮೇಲೆ ಬೀಳುತ್ತದೆ. ಭಾರ ಮೀರಿದರೆ ಮುರಿಯಲೆಂದೇ ಇಟ್ಟ ಟೋ ಬಾರಿನ ಶಿಯರ್ ಪಿನ್ ಮುರಿದು ವಿಮಾನ ಬಿಡುಗಡೆಯಾಗಿ ಉರುಳಿದರೆ ಮಾತ್ರ, ಹೆಡ್‌ಸೆಟ್‌ನವನು ಹೇಳಿದಂತೆ ಮೆಲ್ಲನೆ ಹಿಡಿಯಬೇಕು.

ಏನೇ ತಾಗಿದರೂ, ಗಾಡಿಯ ಬಂಪರ್ ಸವರಿದ್ದಾದರೂ, ಹೇಳದೆ ಇರಬಾರದು. ಅಲ್ಯುಮಿನಿಯಂ ಹೊದಿಕೆ ಪೆಟ್ಟು ಬಿದ್ದರೆ ತಗ್ಗಾಗಿ ತೋರಿಸಿಕೊಡುತ್ತದೆ. 787, ಎ350ಗಳ ಕಾರ್ಬನ್ ನಾರಿನ ಹೊದಿಕೆ ಹೊರಗೆ ಏನೂ ಆಗದಂತೆ ಕಂಡು ಒಳಪದರಗಳು ಬಿಟ್ಟುಕೊಂಡಿರಬಹುದು. ಅಲ್ಟ್ರಾಸೌಂಡ್‌ನಂಥ ಪರೀಕ್ಷೆಯಲ್ಲಿ ಮಾತ್ರ ತಿಳಿಯುತ್ತದೆ. ತಾಗಿಸಿದವನಿಗೆ ಶಿಕ್ಷೆಯ ಭಯವಿರುವ ಕಡೆ ಇಂಥ ಪೆಟ್ಟುಗಳು ಹಾಗೇ ಆಕಾಶಕ್ಕೆ ಹೋಗುತ್ತವೆ.

ಒಳಗೆ ಕೂತ ನಿಮಗೆ ಸಂಬಂಧಿಸಿದ್ದು ಒಂದಿಷ್ಟು. ಗೇಟಿನ ಮುಂದೆ ನಿಂತಾಗ ಬೆಲ್ಟಿನ ದೀಪ ಉರಿಯುತ್ತಿದ್ದರೆ ಪ್ರಯಾಣ ಮುಗಿದಿಲ್ಲ. ಈ ಹಂತದಲ್ಲಿ ಬರುವ ಬ್ರೇಕ್ ಮುನ್ಸೂಚನೆ ಇಲ್ಲದ್ದು, ಮೇಲಿನ ಗೂಡಿನಿಂದ ಚೀಲ ಇಳಿಸುತ್ತ ನಿಂತವರು ಬೀಳುವುದು ಆಗಲೇ. ರಾತ್ರಿ ಕಿಟಕಿ ಪಕ್ಕ ಕೂತಿದ್ದರೆ ನೆಲದ ಮೇಲೆ ಬೀಳುವ ಬೀಕನ್‌ನ ಕೆಂಪು ಮಿನುಗನ್ನು ಗಮನಿಸಿ. ಅದು ನಿಲ್ಲುತ್ತದೆ, ಅರ್ಧ ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಕೆಂಪು ಗೆರೆ ದಾಟಿ ಚಾಕ್ ಹಿಡಿದವನು ಬರುತ್ತಾನೆ, ಅವನ ಹಿಂದೆ ರೆಕ್ಕೆ ತುದಿಗೂ ಎಂಜಿನ್ನಿಗೂ ಕೋನ್ ಇಡುವವರು, ಕೊನೆಗೆ ಸಾಮಾನಿನ ಗಾಡಿಗಳು.